ಏಳರ ನಡುವಿನ ಗೆರಿ

ಆಫೀಸಿನ ಭುವನಾ ಮೊಬೈಲ್ ತಂದು ಹಿಡಿದ್ಳು:
"ಲಾಡಸಾಬ್ ಮಾಮಾ, ಇದು ನಿಮ್ಮ ಅಕ್ಷರ
ಹೌದೋ ಅಲ್ಲೋ ನೋಡ್ರಿ."

ನೋಡಿದ್ನಿ.
ಬಿಳಿ ಗ್ವಾಡಿ, ಬಿಳಿ ನೆಲ, ನಡಕ್ಕ
ಇಳಕಲ್ಲಿನ ಬಾಜೂ ನಮ್ಮ ಬಲಕುಂದಿ ಕ್ವಾರಿಯ ಕೆಂಪಗಲ್ಲು
ಮೈತುಂಬ ಲೈಟ್ ಹೊದ್ಕೊಂಡು ಕುಂತಿತ್ತು,
ಮದುವಿ ಮನ್ಯಾಗ ಯಾರೂ ಮಾತಾಡಸದ ಬೀಗರ ಹಂಗ.
ಮೂರು ಮಗ್ಗಲ ಕನ್ನಡಿಗತೆ ಪಾಲಿಶ್.
ನಾಕನೇದ್ದು ಇದ್ದಂಗ ಬಿಟ್ಟಾರ:
ದುರಗಪ್ಪನ ಡ್ರಿಲ್ಲಿನ ಕೊಳವಿ ಗುರುತು,
ಅದರ ಮ್ಯಾಲ ಹಳದಿ ಬಣ್ಣದಾಗ ನನ್ನ ಕೈ,
ನಾಕನೂರಾ ಹದಿನೇಳು.

ಕಲ್ಲಿನ ಹೆಸರು 'ಹೆಸರಿಲ್ಲ' ಅಂತ.
ಅದ ಹೆಸರಂತ.
ರೇಟ್ ಕೇಳಿದ್ರ ಭುವನಾ ಬೆರಳು ಹಿಡದು ಸೊನ್ನಿ ಎಣಿಸಿದ್ಳು,
ನಡುವ ತಪ್ಪಿ ಮತ್ತ ಮೊದಲಿಂದ ಎಣಿಸಿದ್ಳು.

ಸುದ್ದಿ ಅದಲ್ಲ. ಸುದ್ದಿ ಏನಂದ್ರ
ಆಂಟ್ವರ್ಪಿನ ಆ ಮ್ಯೂಸಿಯಮ್ಮಿನಾಗ
ನಸುಕಿನ ಐದಕ್ಕ ಕಸಾ ಹೊಡ್ಯಾಕ ಬಂದ ಹೆಣ್ಮಗಳು
ಹೊಲಸಂತ ತಿಳದು, ಅರಬಿ ತೊಯಿಸಿ
ನನ್ನ ನಂಬರ ಒರಸಿಬಿಟ್ಟಾಳ.
ಅಷ್ಟಕ್ಕ ಅಲ್ಲಿ ಪೇಪರ್ ತುಂಬ ಒದರ್ಯಾಟ.

ಒಬ್ಬ ಪಂಡಿತ ಬರದಾನ, ಭುವನಾ ಓದಿ ಹೇಳಿದ್ಳು:
ಏಳರ ನಡುವ ಎಳದ ಆ ಅಡ್ಡ ಗೆರಿ
ಕಡದ ಗುಡ್ಡದ ಗಾಯ,
ಹೆಸರಿಲ್ಲದ ಕೈಯ ಪ್ರತಿಭಟನೆ.
ಇನ್ನೊಬ್ಬಾಂವ: ಅಲ್ಲ, ಅದು ಲೆಕ್ಕಕ್ಕ ಸಿಗದ ಮೌನ.

ಯಪ್ಪಾ, ಆ ಗೆರಿ ಕತಿ ನನಗ ಕೇಳ್ರಿ.
ಎರಡು ಸಾವಿರದ ಒಂಬತ್ತರಾಗ
ನನ್ನ ಏಳು ವೇಬ್ರಿಜ್ಜಿನಾಂವಗ ಒಂದಾಗಿ ಕಂಡು
ಮಂಗಳೂರಿಗೆ ಹೋಗೂ ಕಲ್ಲು ಚೆನ್ನೈ ಲಾರಿ ಏರಿತು.
ಹದಿನೈದು ದಿನದ ಪಗಾರ ಕಟ್.
ಅವತ್ತಿನಿಂದ ಏಳಕ್ಕ ನಡುಪಟ್ಟಿ ಕಟ್ಟೀನಿ.
ಗಾಯ ಅಂದ್ರ ಗಾಯನ ಅನ್ರಿ,
ಆದ್ರ ಗುಡ್ಡದ್ದಲ್ಲ.

ದುರಗಪ್ಪಗ ಕೂಗಿ ಹೇಳಿದ್ನಿ, ಅವನ ಕಿವಿ
ಅರ್ಧ ಡ್ರಿಲ್ಲ ತಿಂದೈತಿ:
"ನಿನ್ನ ತೂತು ಫೇಮಸ್ ಆಗ್ಯಾವಲೇ!"
"ಯಾವ ತೂತು? ಡೀಸೆಲ್ ಟ್ಯಾಂಕಿಂದಾ?" ಅಂದು
ಬಗ್ಗಿ ನೋಡಾಕ ಹೋದ.

ಮುಂದ ಸಾವಕಾರ್ರಿಗೆ ಒಂದು ಪತ್ರ ಬಂತು.
ಅದ ಕೈ ಬೇಕಂತ. ಅದ ಬಣ್ಣ, ಅದ ಕುಂಚ.
ಹಾಳಿ ಮ್ಯಾಲ ಬರದು ಕಳಸ್ರಿ, ಇಲ್ಲಿ ಮೂಡಿಸ್ತೀವಿ.
ಕೆಲವ್ರು ಬ್ಯಾಡ ಅನ್ನಾಕತ್ತಾರಂತ,
ಮತ್ತ ಬರದ್ರ ಅದು ನಕಲಾಗತೈತಿ ಅಂತ.
ನಾ ದಿನಕ್ಕ ಹನ್ನೆರಡು ಕಲ್ಲಿಗೆ ಬರೀತೀನಿ.
ಮಳಿ ಬಂದ ಮರುದಿನ ಅರ್ಧ ಯಾರ್ಡ್ ಮತ್ತ ಬರೀತೀನಿ.
ಯಾವುದು ಅಸಲು, ಯಾವುದು ನಕಲು,
ಕ್ರೇನಿನಾಂವ ಒಂದು ದಿನ ಕೇಳಿಲ್ಲ.

ನನಗ ಒಂದ ಚಿಂತಿ, ಆ ಹೆಣ್ಮಗಳದ್ದು.
"ಆಕಿನ್ನ ಕೆಲಸದಿಂದ ತಗದ್ರೇನು?" ಅಂದ್ನಿ.
ಭುವನಾ ಮ್ಯಾಲ ಕೆಳಗ ಸರಿಸಿ ಹುಡುಕಿದ್ಳು.
"ಅದನ್ನ ಬರದಿಲ್ಲ ಮಾಮಾ."

ಹಾಳಿ ಮ್ಯಾಲ ನಂಬರ ಬರದು
ಕೆಳಗ ಕನ್ನಡದಾಗ ಒಂದು ಸಾಲು ಸೇರಿಸಿದ್ನಿ:
ಒರಸಿದಾಕಿದು ತಪ್ಪಿಲ್ಲ,
ಬಣ್ಣಕ್ಕ ಸೀಮೆಎಣ್ಣಿ ಹೆಚ್ಚಾಗಿತ್ತು.
ಅದನ್ನ ಇಂಗ್ಲೀಷಿಗೆ ಮಾಡಿ ಕಳಿಸಿದ್ರೋ ಇಲ್ಲೋ
ಗೊತ್ತಿಲ್ಲ.

ಸೋಮವಾರ ಐದುನೂರಾ ಇಪ್ಪತ್ತೇಳು ಎದ್ದು ಬಂತು,
ಸರಪಳಿಗೆ ಜೋತಾಡಿ, ಮಣ್ಣು ಉದುರಿಸಿ ಕುಂತಿತು.
ಐದು ಬರದ್ನಿ. ಎರಡು ಬರದ್ನಿ.
ಏಳಕ್ಕ ಬಂದಾಗ
ಇಪ್ಪತ್ತೆರಡು ವರ್ಷದಾಗ ಮೊದಲ ಸಲ
ಇದು ಚಂದ ಬರ್ಲಿ ಅನಿಸಿತು.
ಕೈ ಅಳ್ಳಾಡಿತು.
ಏಳು ಕೆಟ್ಟು ಕುಡಗೋಲಾತು.
ಲಾರಿಯಾಂವ ಹಾರ್ನ್ ಹೊಡ್ಯಾಕತ್ತಿದ್ದ.
ಅರಬಿ ತೊಯಿಸಿ
ಒರಸಿದ್ನಿ.